ಉಪ್ಪುನೀರಿನ ಟ್ಯಾಂಕಿನ ಕೂದಲು ಪಾಚಿ: ಕಲ್ಲನ್ನು ಬಕೆಟ್ಟಿನಲ್ಲಿ ಉಜ್ಜಿ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರಲ್ಲಿ ನಾನು ಮತ್ತೆ ಮತ್ತೆ ನೋಡುವ ತಪ್ಪು ಒಂದೇ. ಕಲ್ಲಿನ ಮೇಲೆ ಹಸಿರು ಕೂದಲಿನಂಥ ಪಾಚಿ ಬೆಳೆದಿರುತ್ತದೆ. ಟ್ಯಾಂಕ್ ಒಳಗೇ ಕೈ ಹಾಕಿ ಬ್ರಷ್ಷಿನಿಂದ ಗಸಗಸ ಉಜ್ಜುತ್ತಾರೆ. ಆ ದಿನ ಕಲ್ಲು ಚೆನ್ನಾಗಿ ಕಾಣುತ್ತದೆ, ಆದರೆ ಕಿತ್ತ ಚೂರುಗಳೆಲ್ಲ ಪಂಪಿನ ಹರಿವಿನಲ್ಲಿ ಸುತ್ತಾಡಿ ಬೇರೆ ಕಲ್ಲುಗಳ ಸಂದಿಯಲ್ಲಿ ಕೂರುತ್ತವೆ. ಒಂದು ಕಲ್ಲಿನ ಪಾಚಿ ನಾಲ್ಕು ಕಲ್ಲಿಗೆ ಹಬ್ಬುವುದು ಹೀಗೆ.

ಮೊದಲು ಬೆಳೆದಿರುವುದು ಏನು ಅಂತ ನೋಡಿ. ಹೊಸ ಟ್ಯಾಂಕಿನಲ್ಲಿ ಕಂದು ಧೂಳಿನಂತೆ ಕೂತಿದ್ದರೆ ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಸುಮ್ನೆ ಬಿಟ್ಟರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಕೆಂಪು-ನೇರಳೆ ಲೋಳೆ ಹಾಳೆಯಂತೆ ಎದ್ದು ಬಂದರೆ ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾ. ಪೈಪಿನಿಂದ ಎಳೆದು ತೆಗೆಯಿರಿ. ಕಂದು ಲೋಳೆ ದಾರ, ತುದಿಯಲ್ಲಿ ಗಾಳಿಗುಳ್ಳೆ ಇದ್ದರೆ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಇರಬಹುದು. ಅದಿದ್ದರೆ ಕೆಳಗೆ ಹೇಳುವ ಫಾಸ್ಫೇಟ್ (ಪಾಚಿ ತಿಂದು ಬೆಳೆಯುವ ಪೋಷಕಾಂಶ) ಇಳಿಸುವ ಕೆಲಸಕ್ಕೆ ಕೈ ಹಾಕಬೇಡಿ, ಪೋಷಕಾಂಶ ಪೂರ್ತಿ ಖಾಲಿಯಾದ ನೀರಿನಲ್ಲೇ ಅದು ಜಾಸ್ತಿ ಕೊಬ್ಬುವುದು.

ಹಸಿರು ಕೂದಲೇ ಆಗಿದ್ದರೆ, ಟ್ಯಾಂಕಿಗೆ ಹಾಕುವ ನೀರು ಆರ್‌ಒ-ಡಿಐ ಯಂತ್ರದಿಂದಲೇ (ನೀರಿನಲ್ಲಿ ಕರಗಿದ್ದನ್ನೆಲ್ಲ ಸೋಸಿ ತೆಗೆಯುವ ಯಂತ್ರ) ಬರಲಿ, ಉಪ್ಪು ಬೆರೆಸುವ ಮೊದಲು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ್ದು ಎಷ್ಟಿದೆ ಅಂತ ಅಳೆಯುವುದು) 0 ತೋರಿಸಲಿ. ನಲ್ಲಿ ನೀರಂತೂ ಬೇಡ. ಮೀಟರ್ 0 ಬಿಟ್ಟು ಮೇಲೆ ಹೋಯಿತೋ, ಯಂತ್ರದ ಕೊನೆಯ ಹಂತದ ಡಿಐ ರೆಸಿನ್ ಹರಳು ಬದಲಿಸಿ.

ಟ್ಯಾಂಕಿನ ನೀರು ಪರೀಕ್ಷೆ ಮಾಡುವಾಗ ಒಂದು ಮೋಸ ಇದೆ. ಕಲ್ಲಿನ ತುಂಬಾ ಪಾಚಿ, ಆದರೆ ಕಿಟ್ ಫಾಸ್ಫೇಟ್ ಸೊನ್ನೆ ಅನ್ನುತ್ತದೆ. ನೀರಿಗೆ ಬಂದದ್ದನ್ನೆಲ್ಲ ಪಾಚಿ ಆಗಲೇ ತಿಂದಿರುತ್ತದೆ, ಅದಕ್ಕೇ ಸೊನ್ನೆ. ನನ್ನ ಗುರಿ ನೈಟ್ರೇಟ್ (ಪಾಚಿಯ ಇನ್ನೊಂದು ಊಟ) 5 ಪಿಪಿಎಂ (ಹತ್ತು ಲಕ್ಷದಲ್ಲಿ ಐದು ಭಾಗ) ಆಸುಪಾಸು, ಫಾಸ್ಫೇಟ್ 0.03ರಿಂದ 0.1 ಪಿಪಿಎಂ. ಸೊನ್ನೆಗೆ ಇಳಿಸಬೇಡಿ, ಹವಳಗಳಿಗೂ ಊಟ ಬೇಕಲ್ವಾ?

ಈಗ ಉಜ್ಜುವ ಕೆಲಸ. ಇದನ್ನು ನಿಧಾನವಾಗಿ ಓದಿ.

ಹಿಂದಿನ ದಿನವೇ ಹೊಸ ಉಪ್ಪುನೀರು ಕಲಸಿಡಿ. ಸಾಂದ್ರತೆ 1.025 ಇರಲಿ, ಬಿಸಿ ಟ್ಯಾಂಕಿನಷ್ಟೇ ಇರಲಿ. ಟ್ಯಾಂಕಿನ ನೀರನ್ನೇ ಎರಡು ಬಕೆಟ್ಟಿಗೆ ಎಳೆದುಕೊಳ್ಳಿ. ಪಂಪ್ ನಿಲ್ಲಿಸಿ, ಒಂದು ಕಲ್ಲನ್ನು ಮೆಲ್ಲಗೆ ಎತ್ತಿ ಮೊದಲ ಬಕೆಟ್ಟಿಗೆ ಇಳಿಸಿ. ಕೈಗವಸು, ಕನ್ನಡಕ ಕಡ್ಡಾಯ. ಕಲ್ಲಿನ ಮೇಲಿನ ಕೆಲವು ಜೊವಾಂಥಿಡ್ ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಇದೇ ಕಾರಣಕ್ಕೆ ಕಲ್ಲನ್ನು ಯಾವತ್ತೂ ಕುದಿಸಬೇಡಿ. ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು.

ಮೊದಲೇ ಬ್ರಷ್ ಹಿಡಿಯಬೇಡಿ. ಪಾಚಿಯನ್ನು ಬುಡದ ಹತ್ತಿರ ಹಿಡಿದು, ಬೆರಳಿಗೆ ಸುತ್ತಿ, ಒಂದೇ ಸಮ ಎಳೆಯಿರಿ. ಗೊಂಚಲು ಗೊಂಚಲಾಗಿ ಬರುತ್ತದೆ. ಆಮೇಲೆ ಕಲ್ಲಿನ ಗುಳಿಗಳನ್ನು ಹತ್ತಿರದಿಂದ ನೋಡಿ, ಕೂಳೆಯಂತೆ ಗಿಡ್ಡ ಹಸಿರು ಉಳಿದಿರುತ್ತದೆ. ಮತ್ತೆ ಚಿಗುರುವುದು ಅಲ್ಲಿಂದಲೇ. ಹಲ್ಲುಜ್ಜುವ ಹೊಸ ಬ್ರಷ್, ಗಟ್ಟಿ ಎಳೆಯದ್ದು, ತಗೊಂಡು ಆ ಗುಳಿಗಳನ್ನೇ ಸುತ್ತಿಸುತ್ತಿ ಉಜ್ಜಿ. ಹವಳ ಇರುವ ಕಡೆ ಅದರ ಮಾಂಸದಿಂದ ಒಂದು ಬೆರಳಿನಷ್ಟು ದೂರ ಇರಿ. ಕಲ್ಲು ನೀರಿನೊಳಗೇ ಇರಲಿ. ಮುಗಿದ ಮೇಲೆ ಎರಡನೇ ಬಕೆಟ್ಟಿನಲ್ಲಿ ಚೆನ್ನಾಗಿ ಜಾಲಾಡಿಸಿ ಟ್ಯಾಂಕಿಗೆ ಇಡಿ. ಬಕೆಟ್ ನೀರು ಚೆಲ್ಲಿ, ಕಲಸಿಟ್ಟ ಹೊಸ ನೀರು ತುಂಬಿ. ವಾರಕ್ಕೆ ಒಂದು-ಎರಡು ಕಲ್ಲು ಸಾಕು, ಎಲ್ಲವನ್ನೂ ಒಂದೇ ದಿನ ಕದಡಿದರೆ ಮೀನಿಗೂ ಹವಳಕ್ಕೂ ಕಷ್ಟ.

ಅಂಟಿಸಿದ ಕಲ್ಲು ಹೊರಗೆ ಬರುವುದಿಲ್ಲ ಅಂದರೆ? ನೀರು ಎಳೆಯುವ ಪೈಪಿನ ಬಾಯಿಗೆ ಅದೇ ಬ್ರಷ್ ಅನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಉಜ್ಜಿದ ಚೂರು ಅಲ್ಲೇ ಪೈಪಿನೊಳಗೆ ಹೋಗುತ್ತದೆ. ನಿಧಾನದ ಕೆಲಸ, ಆದರೆ ಟ್ಯಾಂಕ್ ಒಳಗೆ ಉಜ್ಜಲೇಬೇಕಾದರೆ ನಾನು ಒಪ್ಪುವ ದಾರಿ ಇದೊಂದೇ.

ಬಸವನಹುಳು ಬಿಡುವುದು ಇದಾದ ಮೇಲೆ. ಉದ್ದ ಕೂದಲನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ, ಗಿಡ್ಡ ಚಿಗುರನ್ನು ಮಾತ್ರ ಚೆನ್ನಾಗಿ ಮೇಯುತ್ತವೆ. ಟರ್ಬೊ, ಟ್ರೋಕಸ್ ಎರಡೂ ಒಳ್ಳೆಯವು. ಟರ್ಬೊ ದಪ್ಪ, ಅಂಟಿಸದ ಚಿಕ್ಕ ಹವಳಗಳನ್ನು ಉರುಳಿಸುತ್ತದೆ. ಕೆಲವೇ ಬಿಡಿ, ಜಾಸ್ತಿ ಬಿಟ್ಟರೆ ಪಾಚಿ ಮುಗಿದ ಮೇಲೆ ಹಸಿವಿನಿಂದ ಸಾಯುತ್ತವೆ.

ಪಾಚಿ ಕೊಲ್ಲುವ ಬಾಟಲಿ ಔಷಧಿ ಬೇಡವೇ ಬೇಡ. ಸಿಹಿನೀರಿಗೆ ಮಾಡಿದ ಕೆಲವದರಲ್ಲಿ ತಾಮ್ರ ಇರುತ್ತದೆ, ಸೀಗಡಿ, ಬಸವನಹುಳು, ಹವಳ ಯಾವುದೂ ಉಳಿಯುವುದಿಲ್ಲ. ತಾಮ್ರ ಇಲ್ಲದ್ದಾದರೂ ಒಮ್ಮೆಲೇ ಸತ್ತ ಪಾಚಿ ಕೊಳೆತು ನೀರಿನ ಆಮ್ಲಜನಕ ಎಳೆದುಬಿಡುತ್ತದೆ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಹಾಕುವುದಾದರೆ ಡಬ್ಬಿಯ ಮೇಲೆ ಬರೆದ ಅಳತೆಯ ಅರ್ಧದಿಂದ ಶುರು ಮಾಡಿ. ಫಾಸ್ಫೇಟ್ ಒಮ್ಮೆಗೇ ಕುಸಿದರೆ ಹವಳಗಳು ಸುಟ್ಟಂತಾಗುತ್ತವೆ.

ಉಳಿದದ್ದು ದಿನದ ಅಭ್ಯಾಸ. ಫ್ರೀಜರ್ ಆಹಾರ ಕರಗಿಸಿ, ಸೋಸಿ, ರಸ ಚೆಲ್ಲಿ ಹಾಕಿ. ಲೈಟ್ 8 ಗಂಟೆ ಸಾಕು. ಸಂಪ್ (ಟ್ಯಾಂಕಿನ ಕೆಳಗೆ ಇಡುವ ಇನ್ನೊಂದು ತೊಟ್ಟಿ) ಇದ್ದರೆ ಅದರಲ್ಲಿ ಕೀಟೊಮಾರ್ಫಾ ಎಂಬ ಪಾಚಿ ಬೆಳೆಸಿ, ಪೋಷಕಾಂಶವನ್ನು ಅದು ಹೀರಿಕೊಳ್ಳುತ್ತದೆ. ಸಂಪಿನ ಲೈಟ್ ರಾತ್ರಿ ಉರಿಯಲಿ.

ಕಲ್ಲಿನ ಮೇಲೆ ನೇರಳೆ ಬಣ್ಣದ ಗಟ್ಟಿ ಚುಕ್ಕೆಗಳು ಕಾಣಿಸಿದರೆ ಅದು ಕೊರಲೈನ್ ಪಾಚಿ. ಅದನ್ನು ಉಜ್ಜಬೇಡಿ, ಬೆಳೆಯಲು ಬಿಡಿ.