ಬಲಗೈ ಮತ್ತು ಪಾದ: ಮನೆಗೆ ಕಳಿಸುವ ಮುನ್ನ ಕೂಸಿನ ಹೃದಯ ತಪಾಸಣೆ

ಹೃದಯದಲ್ಲಿ ದೋಷವಿರುವ ಕೂಸುಗಳೆಲ್ಲ ನೀಲಿಯಾಗಿ ಹುಟ್ಟುವುದಿಲ್ಲ. ರಕ್ತದ ಆಮ್ಲಜನಕ ಶೇ 80ರ ಆಸುಪಾಸಿಗೆ ಇಳಿಯುವ ತನಕ ಮೈಬಣ್ಣದ ಬದಲಾವಣೆ ಕಣ್ಣಿಗೆ ಸರಿಯಾಗಿ ಹತ್ತುವುದಿಲ್ಲ; ಕಪ್ಪು ಮೈಯ ಕೂಸಾದರೆ ಇನ್ನೂ ಕಷ್ಟ. ಶ್ವಾಸಕೋಶದ ಧಮನಿಯನ್ನೂ ಮಹಾಧಮನಿಯನ್ನೂ ಜೋಡಿಸುವ ಡಕ್ಟಸ್ ನಾಳ ಗರ್ಭದಲ್ಲಿ ತೆರೆದಿರುತ್ತದೆ, ಹುಟ್ಟಿದ ಎರಡು ಮೂರು ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಆ ನಾಳವನ್ನೇ ನಂಬಿಕೊಂಡ ಹೃದಯವಾದರೆ, ಕೂಸು ಕುಸಿಯುವುದು ಸಾಮಾನ್ಯವಾಗಿ ಮನೆ ಸೇರಿದ ಮೇಲೆ. ಅದಕ್ಕೇ ನಮ್ಮ ಬಾಣಂತಿಯರ ವಾರ್ಡಿನಲ್ಲಿ ರಕ್ತದ ಆಮ್ಲಜನಕ ಶೇಕಡಾ ಎಷ್ಟೆಂದು ಬೆಳಕಿನಿಂದ ಅಳೆಯುವ ಪಲ್ಸ್ ಆಕ್ಸಿಮೀಟರ್ ಹಚ್ಚದೆ ಯಾವ ಕೂಸಿಗೂ ಡಿಸ್ಚಾರ್ಜ್ ಬರೆಯುವುದಿಲ್ಲ.

ನೋಡುವುದು 24 ಗಂಟೆ ಕಳೆದ ಮೇಲೆ. 2012ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 2,29,421 ಕೂಸುಗಳ ಮಾಹಿತಿ ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು; ಬರ್ಮಿಂಗ್‌ಹ್ಯಾಮ್‌ನ ಆಂಡ್ರ್ಯೂ ಯೂವರ್ ಆ ತಂಡದಲ್ಲಿದ್ದರು. 24 ಗಂಟೆಗೆ ಮೊದಲೇ ನೋಡಿದರೆ ಸುಳ್ಳು ಎಚ್ಚರಿಕೆ ಶೇ 0.50, ನಂತರ ನೋಡಿದರೆ ಶೇ 0.05. ಹತ್ತು ಪಟ್ಟು ವ್ಯತ್ಯಾಸ. ಎಕೋ (ಹೃದಯದ ಸ್ಕ್ಯಾನ್) ಮಾಡುವವರು ದೂರದ ಊರಿನಲ್ಲಿರುವಾಗ ಈ ವ್ಯತ್ಯಾಸ ಸಣ್ಣದಲ್ಲ. ಬೇಗ ಹೊರಡುತ್ತೇವೆಂದು ಮನೆಯವರು ಹಟ ಹಿಡಿದರೆ, ಹೊರಡುವ ಹೊತ್ತಿಗೆ ನೋಡಿಯೇ ಕಳಿಸುತ್ತೇವೆ.

ಆಕ್ಸಿಮೀಟರಿನ ಪ್ರೋಬ್ (ಮೈಗೆ ತಾಗಿಸುವ ಸೆನ್ಸರ್) ಹಾಕುವುದು ಬಲಗೈಗೆ, ಆಮೇಲೆ ಯಾವುದಾದರೂ ಒಂದು ಪಾದಕ್ಕೆ. ಬಲಗೈಗೆ ರಕ್ತ ಹೋಗುವುದು ಡಕ್ಟಸ್ ಸೇರುವ ಜಾಗಕ್ಕಿಂತ ಮೊದಲು, ಪಾದಕ್ಕೆ ಅದರ ನಂತರ. ಎಡಗೈಯನ್ನು ಈ ಲೆಕ್ಕಕ್ಕೆ ನಂಬುವಂತಿಲ್ಲ. ದೊಡ್ಡವರ ಬೆರಳಿಗೆ ಹಾಕುವ ಕ್ಲಿಪ್ ಬೇಡವೇ ಬೇಡ. ಸುತ್ತುವ ನವಜಾತ ಪ್ರೋಬ್ ಬೇಕು. ಅಂಗೈಯ ಹೊರ ಅಂಚಿನಲ್ಲಿ ಕಿರುಬೆರಳಿನ ಕೆಳಗೆ, ಪಾದದಲ್ಲೂ ಹಾಗೆಯೇ. ಬೆಳಕು ಬಿಡುವ ತುದಿ ಮೇಲೆ, ಅದನ್ನು ಹಿಡಿಯುವ ತುದಿ ಕೆಳಗೆ, ಎರಡೂ ಎದುರುಬದುರಾಗಿರಬೇಕು. ಬಿಗಿದು ಸುತ್ತಿದರೆ ರಕ್ತ ಓಡದೆ ಅಂಕಿ ತಪ್ಪುತ್ತದೆ.

ಅಂಕಿ ಕೆಡುವುದು ಹೆಚ್ಚಾಗಿ ಸಣ್ಣ ಕಾರಣಗಳಿಂದ. ದೃಷ್ಟಿಗೆಂದು ಅಂಗಾಲಿಗಿಟ್ಟ ಕಪ್ಪು, ಕೇಸ್ ಶೀಟಿಗೆ ಪಾದದ ಗುರುತು ತೆಗೆದ ಶಾಯಿ, ಎಣ್ಣೆ: ಮೊದಲು ಇವನ್ನು ಒರೆಸಬೇಕು. ತಣ್ಣಗಿರುವ ಪಾದವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ಕಾಮಾಲೆಯ ಲೈಟ್ ಆರಿಸಬೇಕು, ಕಿಟಕಿಯ ಬಿಸಿಲು ಬಿದ್ದರೆ ಪ್ರೋಬಿನ ಮೇಲೆ ಬಟ್ಟೆ ಮುಚ್ಚಬೇಕು. ಅಳುವಾಗ, ಹಾಲು ಕುಡಿಯುವಾಗ, ಗಾಢ ನಿದ್ದೆಯಲ್ಲಿ ನೋಡಬಾರದು. ಆಮ್ಲಜನಕ ಕೊಡುತ್ತಿರುವಾಗ ನೋಡಿದರೆ ಅದು ತಪಾಸಣೆಯೇ ಅಲ್ಲ. ಪರದೆಯಲ್ಲಿ ಅಲೆ ಒಂದೇ ಸಮನೆ ಬರಬೇಕು, ಯಂತ್ರ ತೋರಿಸುವ ನಾಡಿಬಡಿತ ಸ್ಟೆತೊಸ್ಕೋಪಿನಲ್ಲಿ ಎಣಿಸಿದ್ದಕ್ಕೆ ತಾಳೆಯಾಗಬೇಕು. ಆಗದಿದ್ದರೆ 98 ಬಂದರೂ ಬರೆಯುವುದಿಲ್ಲ. ಒಂದು ಕೂಸಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ರೋಬನ್ನು ಸ್ಪಿರಿಟ್‌ನಿಂದ ಒರೆಸುತ್ತೇವೆ.

ಎರಡೂ ಕಡೆ 95 ಅಥವಾ ಹೆಚ್ಚಿದ್ದು, ವ್ಯತ್ಯಾಸ 3ರೊಳಗಿದ್ದರೆ ಪಾಸ್. ಒಂದು ಕಡೆಯಾದರೂ 90ಕ್ಕಿಂತ ಕಡಿಮೆಯಾದರೆ ಕಾಯುವಂತಿಲ್ಲ, ಕೂಡಲೇ ಮಕ್ಕಳ ವೈದ್ಯರು ಬರಬೇಕು. ಈ ಎರಡಕ್ಕೂ ಸೇರದ ಅಂಕಿ ಬಂದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡುವುದು. 2011ರ ಅಮೆರಿಕದ ಪದ್ಧತಿಯಲ್ಲಿ ಎರಡು ಸಲ ಮರುಪರೀಕ್ಷೆಗೆ ಅವಕಾಶವಿತ್ತು. ನಾವು ಒಂದಕ್ಕೇ ನಿಲ್ಲಿಸುತ್ತೇವೆ; ಅದರಲ್ಲೂ ಪಾಸ್ ಆಗದಿದ್ದರೆ ಫೇಲ್. ಎರಡನೆಯದನ್ನು ಕಾಯುತ್ತ ಕೂತರೆ ಕೂಸಿನ ಸಮಯ ಹೋಗುತ್ತದೆ. ಪಾದದ ಅಂಕಿ ಕೈಗಿಂತ ಹೆಚ್ಚು ಬಂದರೂ ಅದು ವ್ಯತ್ಯಾಸವೇ. ಹೃದಯದಿಂದ ಹೊರಡುವ ಮಹಾನಾಳಗಳು ಅದಲುಬದಲಾದ ಕೆಲವು ಕೂಸುಗಳಲ್ಲಿ ಹೀಗಾಗುತ್ತದೆ.

ಫೇಲ್ ಆದ ಕೂಡಲೇ ಹೃದಯವೆಂದೇ ತೀರ್ಮಾನಿಸಬಾರದು. ನ್ಯುಮೋನಿಯಾ, ನಂಜು, ಶ್ವಾಸಕೋಶದ ಅಧಿಕ ರಕ್ತದೊತ್ತಡ ಕೂಡ ಹೀಗೆಯೇ ಸಿಕ್ಕಿಬೀಳುತ್ತವೆ, ಅವೂ ಚಿಕಿತ್ಸೆ ಬೇಕಾದ ಕಾಯಿಲೆಗಳೇ. ಹೃದಯದ್ದೇ ಎಂಬ ಗುಮಾನಿ ಬಲವಾಗಿದ್ದು ಕೂಸು ಕುಸಿಯುತ್ತಿದ್ದರೆ, ಎಕೋಗೆ ಕಾಯದೆ, ಡಕ್ಟಸ್ ಮುಚ್ಚದಂತೆ ತಡೆಯುವ ಪ್ರೊಸ್ಟಗ್ಲಾಂಡಿನ್ ಇ1 ಔಷಧ ಶುರು. ಫ್ರಿಜ್ಜಿನಲ್ಲಿಟ್ಟ 500 ಮೈಕ್ರೋಗ್ರಾಂ ಆಂಪೂಲನ್ನು ಶೇ 5 ಡೆಕ್ಸ್‌ಟ್ರೋಸ್‌ನಲ್ಲಿ ಒಟ್ಟು 50 ಮಿ.ಲೀ. ಮಾಡಿದರೆ ಮಿ.ಲೀ.ಗೆ 10 ಮೈಕ್ರೋಗ್ರಾಂ. 3 ಕೆ.ಜಿ. ಕೂಸಿಗೆ ನಿಮಿಷಕ್ಕೆ ಕೆ.ಜಿ.ಗೆ 0.05 ಮೈಕ್ರೋಗ್ರಾಂ ಎಂದರೆ ಗಂಟೆಗೆ 0.9 ಮಿ.ಲೀ. ಈ ಔಷಧದಿಂದ ಉಸಿರು ನಿಲ್ಲಬಹುದು, ಆದ್ದರಿಂದ ಬ್ಯಾಗ್-ಮಾಸ್ಕ್ ಕೈಗೆಟಕುವಲ್ಲಿರಬೇಕು. ರಕ್ತದಲ್ಲಿ ಇದು ಬಹಳ ಬೇಗ ಕರಗಿಹೋಗುವುದರಿಂದ ಹನಿ ಕಡಿಯಬಾರದು. ಆಂಬುಲೆನ್ಸ್ ಹತ್ತಿಸುವ ಮುನ್ನ ಇನ್ನೊಂದು ಐ.ವಿ. ಹಾಕಿ, ಪಂಪಿನ ಬ್ಯಾಟರಿ ನೋಡುತ್ತೇವೆ.

ಪಾಸ್ ಎಂದರೆ ಹೃದಯ ಸರಿಯಿದೆ ಎಂದಲ್ಲ. ಅದೇ ಲ್ಯಾನ್ಸೆಟ್ ವಿಶ್ಲೇಷಣೆಯ ಪ್ರಕಾರ ಈ ತಪಾಸಣೆ ಹಿಡಿಯುವುದು ತೀವ್ರ ದೋಷಗಳಲ್ಲಿ ಶೇ 76.5ರಷ್ಟನ್ನು. ಮಹಾಧಮನಿ ಕಿರಿದಾದ ಕೂಸು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ಕಡಿಮೆಯಾಗುವುದು ರಕ್ತದ ಹರಿವು, ಆಮ್ಲಜನಕವಲ್ಲ. ಹಾಗಾಗಿ ತೊಡೆಸಂದಿನ ನಾಡಿಯನ್ನು ಎರಡೂ ಕಡೆ ಮುಟ್ಟಿ ನೋಡಲೇಬೇಕು, 6 ವಾರದ ಲಸಿಕೆಗೆ ಬಂದಾಗ ಇನ್ನೊಮ್ಮೆ. ಹಾಲು ಕುಡಿಯುವಾಗ ಹಣೆ ಬೆವರುವುದು, ನಡುನಡುವೆ ಬಿಟ್ಟು ಏದುಸಿರು ಬಿಡುವುದು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಬೂದುಬಣ್ಣಕ್ಕೆ ತಿರುಗುವುದು: ಇವನ್ನು ತಾಯಿಗೂ ಅಜ್ಜಿಗೂ ಕೂರಿಸಿ ಹೇಳುತ್ತೇವೆ. 3, 7, 14ನೇ ದಿನಗಳಲ್ಲಿ ಮನೆಗೆ ಬರುವ ಆಶಾ ಕಾರ್ಯಕರ್ತೆಗೂ ಇದು ಗೊತ್ತಿರಬೇಕು. ತಾಯಿ ಕಾರ್ಡಿನಲ್ಲಿ ಬರೀ ‘ನಾರ್ಮಲ್’ ಎಂದು ಗೀಚದೆ ಕೈಯ ಅಂಕಿ, ಪಾದದ ಅಂಕಿ, ನೋಡಿದಾಗ ಕೂಸಿಗೆ ಎಷ್ಟು ಗಂಟೆ ವಯಸ್ಸು ಎಂಬುದನ್ನು ಬರೆಯುತ್ತೇವೆ. ಮುಂದೆ ನೋಡುವ ವೈದ್ಯರಿಗೆ ಬೇಕಾಗುವುದು ಅದೇ.