ಗಡಿನಾಡಿನ ವಕೀಲರ ಸಂಘದಲ್ಲಿ ವಿಭಾಗಗಳನ್ನು ವರ್ಷವಿಡೀ ನಡೆಸುವುದು ಹೇಗೆ

ಬೇಸಿಗೆ ರಜೆ ಮುಗಿದು ಕೋರ್ಟು ತೆರೆದ ಮೊದಲ ವಾರದಲ್ಲೇ ಕೂತು ಇಡೀ ವರ್ಷದ ದಿನಗಳನ್ನು ಗೊತ್ತು ಮಾಡಿಬಿಡಿ. ಆಮೇಲೆ ನೋಡೋಣ ಅಂದರೆ ಮಳೆಗಾಲ ಬರುತ್ತದೆ, ಓಣಂ ರಜೆ ಬರುತ್ತದೆ, ಕ್ರಿಸ್ಮಸ್ ರಜೆ ಬರುತ್ತದೆ, ನೋಡ್ತಾ ನೋಡ್ತಾ ಮತ್ತೆ ಏಪ್ರಿಲ್. ಕಾಸರಗೋಡು, ಹೊಸದುರ್ಗ ಕಡೆಯ ಕಿರಿಯ ವಕೀಲರು ಆಗಾಗ ಕೇಳುತ್ತಾರೆ, ಸಂಘದಲ್ಲಿ ಸಿವಿಲ್, ಕ್ರಿಮಿನಲ್ ಅಂತ ವಿಭಾಗ ಮಾಡಿದರೆ ಅದು ವರ್ಷವಿಡೀ ಏನು ಮಾಡಬೇಕು ಅಂತ. ಅವರಿಗಾಗಿ ಬರೆಯುತ್ತಿದ್ದೇನೆ.

ಈ ಪದ್ಧತಿ ಹೊರಗಿನದು. 1878ರಲ್ಲಿ ಶುರುವಾದ ಅಮೆರಿಕನ್ ಬಾರ್ ಅಸೋಸಿಯೇಷನ್‌ನಲ್ಲಿ ಜಮೀನಿಗೊಂದು, ಕುಟುಂಬಕ್ಕೊಂದು, ತೆರಿಗೆಗೊಂದು ಹೀಗೆ ಬೇರೆ ಬೇರೆ ವಿಭಾಗಗಳಿವೆ. ಅಷ್ಟು ದೊಡ್ಡದು ನಮಗೆ ಬೇಡ. ಸಣ್ಣ ಊರಿನ ಸಂಘಕ್ಕೆ ನಾಲ್ಕು ಸಾಕು: ಜಮೀನು ಮತ್ತು ಸಿವಿಲ್, ಕ್ರಿಮಿನಲ್, ಕುಟುಂಬ, ಆಮೇಲೆ ಅಪಘಾತ ಪರಿಹಾರ ಮತ್ತು ಗ್ರಾಹಕ ಎರಡೂ ಸೇರಿ ಒಂದು. ಒಂದೊಂದಕ್ಕೂ ಒಬ್ಬ ಹಿರಿಯರು ಸಂಚಾಲಕರು, ಜತೆಗೆ ಇಬ್ಬರು ಜೂನಿಯರ್‌ಗಳು. ಹಿರಿಯರ ಹೆಸರು ಹಾಕಿ ಕೆಲಸವನ್ನೆಲ್ಲ ಜೂನಿಯರ್ ತಲೆಗೆ ಕಟ್ಟಬೇಡಿ. ಪಾಠ ಹೇಳುವುದು ಹಿರಿಯರ ಕೆಲಸ, ಅದನ್ನು ಬರೆದಿಡುವುದು ಕಿರಿಯರ ಕೆಲಸ ಅಂತ ಮೊದಲೇ ಮಾತಾಡಿಕೊಳ್ಳಿ.

ಒಂದು ನಿಯಮ ಮಾತ್ರ ಬಿಡಬೇಡಿ. ಪ್ರತಿ ವಿಭಾಗವೂ ವರ್ಷದ ಕೊನೆಗೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವನ್ನು ಸಂಘದ ಲೈಬ್ರರಿಗೆ ಕೊಡಬೇಕು. ಪದಗಳ ಪಟ್ಟಿಯಾಗಲಿ, ಕಲಂಗಳ ಕೋಷ್ಟಕವಾಗಲಿ, ಹತ್ತು ಪುಟದ ಟಿಪ್ಪಣಿಯಾಗಲಿ, ಯಾವುದಾದರೂ ಸರಿ. ಭಾಷಣ ಅವತ್ತಿಗೇ ಮುಗಿದುಹೋಗುತ್ತದೆ, ಅಲ್ವಾ?

ಮಳೆಗಾಲ ಜಮೀನು ವಿಭಾಗದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಹದಿನೈದು ದಿನಕ್ಕೊಮ್ಮೆ, ಕೋರ್ಟು ಬಿಟ್ಟ ಮೇಲೆ ಒಂದು ಗಂಟೆ, ಹಳೆಯ ಕನ್ನಡ ದಾಖಲೆ ಓದುವ ತರಗತಿ ಇಡಿ. ನಮ್ಮ ಭಾಗದಲ್ಲಿ ಇದಕ್ಕಿಂತ ಜರೂರಿನ ಕೆಲಸ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ. 1956ರ ನವೆಂಬರ್ 1ರವರೆಗೆ ಈ ಜಾಗ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಆಮೇಲೆ ಕೇರಳಕ್ಕೆ ಹೋಯಿತು. ಹಾಗಾಗಿ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮನೆಗಳ ಪೆಟ್ಟಿಗೆಯಲ್ಲಿರುವ ಪಾಲುಪಟ್ಟಿ, ಗೇಣಿ ಚೀಟು, ವೀಲುನಾಮೆ ಎಲ್ಲ ಕನ್ನಡದಲ್ಲಿವೆ, ಅದೂ ಕೂಡು ಬರಹದಲ್ಲಿ. ಇವತ್ತಿನ ಕೋರ್ಟಿನ ಕೆಲಸ ಇಂಗ್ಲಿಷ್, ಮಲಯಾಳದಲ್ಲಿ. ನಡುವೆ ನಿಂತು ಓದಿ ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ನಾನು ಜೂನಿಯರ್ ಆಗಿದ್ದಾಗ ಒಂದು ಪಾಲು ದಾವೆಯಲ್ಲಿ ಹಳೆಯ ಮೂಲಗೇಣಿ ಚೀಟಿಯ ಅನುವಾದ ತಪ್ಪಾಗಿ ಬಂದಿತ್ತು. ಮೂಲಗೇಣಿ ಅಂದರೆ ಶಾಶ್ವತ ಗೇಣಿ, ಚಾಲಗೇಣಿ ಅಂದರೆ ವರ್ಷ ವರ್ಷಕ್ಕೆ ನಡೆಯುವ ಗೇಣಿ. ಅನುವಾದದಲ್ಲಿ ಎರಡೂ ಬರೀ 'ಲೀಸ್' ಆಗಿಹೋಗಿತ್ತು. ಅದನ್ನು ಸರಿಪಡಿಸಿ ಮತ್ತೆ ಹಾಜರುಪಡಿಸುವಷ್ಟರಲ್ಲಿ ಎಷ್ಟೋ ವಾಯಿದೆಗಳು ಹೋದವು. ದಾವೆ ಹಾಕಿದ್ದ ಅಜ್ಜಿ ಪ್ರತಿ ವಾಯಿದೆಗೂ ಮುಳ್ಳೇರಿಯ ಕಡೆಯಿಂದ ಬಸ್ ಹಿಡಿದು ಕಾಸರಗೋಡಿನ ವಿದ್ಯಾನಗರದ ಕೋರ್ಟಿಗೆ ಬರುತ್ತಿದ್ದರು. ಅವರ ಮುಖ ನನಗೆ ಇನ್ನೂ ನೆನಪಿದೆ.

ತರಗತಿಗೆ ನಿಜವಾದ ದಾಖಲೆಯ ಜೆರಾಕ್ಸನ್ನೇ ತನ್ನಿ, ಆದರೆ ಕಕ್ಷಿದಾರರ ಒಪ್ಪಿಗೆ ಕೇಳಿ, ಹೆಸರು ಮತ್ತು ಸರ್ವೆ ನಂಬ್ರ ಮುಚ್ಚಿ ತನ್ನಿ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಬರೆದುಕೊಳ್ಳಲಿ. ವರ್ಗ, ಕುಮ್ಕಿ, ಅಡಂಗಲ್ ಇಂಥ ಜಮೀನಿನ ಹಳೆಯ ಒಂದೊಂದು ಪದ ಬಂದಾಗಲೂ ನಿಲ್ಲಿಸಿ, ಅದರ ಹಿಂದಿನ ಕಾನೂನನ್ನು ಹಿರಿಯರು ಬಿಡಿಸಿ ಹೇಳಲಿ. ಗೇಣಿ ವಿಷಯ ಬಂದರೆ 1963ರ ಕೇರಳ ಭೂಸುಧಾರಣೆ ಕಾಯ್ದೆ, 1970ರ ಜನವರಿ 1ರಿಂದ ಗೇಣಿದಾರನ ಸ್ಥಿತಿ ಏನಾಯಿತು ಅನ್ನುವುದು ಬರಲೇಬೇಕು. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಬರುವ ಕುಟುಂಬವಾದರೆ ಇನ್ನೂ ಒಂದು ತಿರುವು ಇದೆ. ಕೇರಳದ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಅದು ಅನ್ವಯವಾಗುವುದಿಲ್ಲ. ಗಡಿಯ ಎರಡೂ ಕಡೆ ಜಮೀನಿರುವ ಒಂದೇ ಕುಟುಂಬಕ್ಕೆ ಎರಡು ಲೆಕ್ಕ. ಇದಕ್ಕೆ ಒಂದು ಇಡೀ ಸಂಜೆ ಕೊಟ್ಟರೂ ಜಾಸ್ತಿಯಾಗುವುದಿಲ್ಲ, ಮಂಗಳೂರಿನಿಂದ ಒಬ್ಬ ಹಿರಿಯ ಸಿವಿಲ್ ವಕೀಲರನ್ನು ಕರೆಸಿದರೆ ಇನ್ನೂ ಒಳ್ಳೆಯದು. ಐವತ್ತು ಕಿಲೋಮೀಟರ್ ದಾರಿ, ಬರುತ್ತಾರೆ.

ಈ ತರಗತಿಯಿಂದ ಹುಟ್ಟಬೇಕಾದ ವಸ್ತು ಕನ್ನಡ-ಮಲಯಾಳ ಪದಪಟ್ಟಿ. ಸುಮ್ನೆ ಅರ್ಥ ಕೊಡುವ ಪಟ್ಟಿ ಬೇಡ. ಎರಡೂ ಭಾಷೆಯಲ್ಲಿ ಒಂದೇ ಥರ ಕೇಳಿ ಬೇರೆ ಅರ್ಥ ಕೊಡುವ ಪದಗಳನ್ನು ಮೊದಲು ಹಾಕಿ. ಮಲಯಾಳದಲ್ಲಿ 'ಅನ್ಯಾಯಂ' ಅಂದರೆ ದಾವೆಯ ಅರ್ಜಿ. 'ಪ್ರತಿ' ಅಂದರೆ ಆರೋಪಿ. 'ಅವಕಾಶಂ' ಅಂದರೆ ಹಕ್ಕು. 'ಅನುವಾದಂ' ಅಂದರೆ ಅನುಮತಿ. 'ಆಧಾರಂ' ಅಂದರೆ ಜಮೀನಿನ ದಸ್ತಾವೇಜು. 'ವಿಧಿ' ಅಂದರೆ ತೀರ್ಪು. ನಿಮ್ಮ ಅವಕಾಶ ಹೋಗುತ್ತದೆ ಅಂತ ಗುಮಾಸ್ತರು ಹೇಳಿದರೆ ಕನ್ನಡದ ರೈತ ಒಂದು ಸಲದ ಚಾನ್ಸ್ ತಪ್ಪಿತು ಅಂದುಕೊಂಡು ಮನೆಗೆ ಹೋಗುತ್ತಾನೆ, ಹೋಗಿದ್ದು ಹಕ್ಕೇ ಅಂತ ಅವನಿಗೆ ಗೊತ್ತಾಗುವುದಿಲ್ಲ. ಪಟ್ಟಿ ನೂರು ಪದ ದಾಟಿದ ಮೇಲೆ ಪ್ರಿಂಟ್ ಹಾಕಿಸಿ, ಗುಮಾಸ್ತರ ಮೇಜಿಗೂ ಒಂದೊಂದು ಕೊಡಿ.

ಕ್ರಿಮಿನಲ್ ವಿಭಾಗಕ್ಕೆ ಜುಲೈ 1 ಒಳ್ಳೆಯ ದಿನ. 2024ರಲ್ಲಿ ಅಪರಾಧ, ವಿಚಾರಣೆಯ ಕ್ರಮ, ಸಾಕ್ಷ್ಯ ಇವುಗಳ ಹೊಸ ಮೂರು ಕಾನೂನು ಜಾರಿಗೆ ಬಂದದ್ದು ಅವತ್ತೇ. ಕೊಲೆಗೆ 302ನೇ ಕಲಂ ಹೋಗಿ 103 ಬಂದಿದೆ, ವಂಚನೆಗೆ 420 ಹೋಗಿ 318(4). ಹಳೆಯ ನಂಬ್ರ, ಹೊಸ ನಂಬ್ರದ ಕೋಷ್ಟಕ ಎಲ್ಲರ ಫೋನಿನಲ್ಲೂ ಇದೆ. ಅದನ್ನೇ ಮತ್ತೆ ಓದಿ ಸಮಯ ಕಳೆಯಬೇಡಿ. ಕೆಲಸಕ್ಕೆ ಬರುವುದನ್ನು ತೆಗೆದುಕೊಳ್ಳಿ: ಅಪರಾಧ ನಡೆದ ದಿನ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ದಂಡ ಸಂಹಿತೆಯೇ ಅನ್ವಯ, ಶೋಧ ನಡೆಸುವಾಗ ವಿಡಿಯೋ ಮಾಡಬೇಕು, ಮೊಬೈಲ್ ದಾಖಲೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಸರ್ಟಿಫಿಕೇಟ್ ಎರಡು ಭಾಗದಲ್ಲಿ ಬೇಕು. ಆ ಸರ್ಟಿಫಿಕೇಟನ್ನು ಎಲ್ಲರೂ ಕೂತು ಒಮ್ಮೆ ತುಂಬಿ ನೋಡಲಿ. ಇನ್ನೊಂದು, ಆರೋಪಿಗೆ ಗೊತ್ತಿಲ್ಲದ ಭಾಷೆಯಲ್ಲಿ ಸಾಕ್ಷಿ ಹೇಳಿದರೆ ಅದನ್ನು ಅವನಿಗೆ ಗೊತ್ತಿರುವ ಭಾಷೆಯಲ್ಲಿ ತೆರೆದ ಕೋರ್ಟಿನಲ್ಲೇ ಹೇಳಬೇಕು ಅಂತ ಕಾನೂನಿದೆ. ತುಳು, ಕನ್ನಡ, ಬ್ಯಾರಿ, ಮರಾಠಿ, ಕೊಂಕಣಿ ಎಲ್ಲ ಮಾತಾಡುವ ನಮ್ಮ ಜಿಲ್ಲೆಯಲ್ಲಿ ಅದನ್ನು ಕೇಳಿ ಪಡೆಯುವುದನ್ನು ಜೂನಿಯರ್‌ಗಳು ಕಲಿಯಬೇಕು.

ಅಪಘಾತ ಮತ್ತು ಗ್ರಾಹಕ ವಿಭಾಗದವರು ರಾಷ್ಟ್ರೀಯ ಲೋಕ ಅದಾಲತ್‌ನ ದಿನಗಳನ್ನು ಗೋಡೆಗೆ ಅಂಟಿಸಿಕೊಳ್ಳಲಿ, ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಸಲ ಇರುತ್ತದೆ. ಅದಕ್ಕೆ ಒಂದು ತಿಂಗಳ ಮೊದಲೇ ರಾಜಿಗೆ ಬರಬಹುದಾದ ಕೇಸುಗಳ ಪಟ್ಟಿ ಮಾಡಿ, ವಿಮಾ ಕಂಪನಿ ಪರ ವಕೀಲರ ಜತೆ ಒಂದು ಸುತ್ತು ಕೂತು ಮಾತಾಡಿ. ಅದಾಲತ್‌ನ ತೀರ್ಮಾನಕ್ಕೆ ಅಪೀಲು ಇಲ್ಲ, ಕೋರ್ಟ್ ಫೀ ವಾಪಸ್ ಬರುತ್ತದೆ, ಇವೆರಡನ್ನೂ ಕಕ್ಷಿದಾರರಿಗೆ ಮೊದಲೇ ಹೇಳಿರಬೇಕು. ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 2022ರ ಏಪ್ರಿಲ್ 1ರಿಂದ ಅಪಘಾತದ ಕ್ಲೇಮಿಗೆ ಆರು ತಿಂಗಳ ಗಡುವು ಬಂದಿದೆ. ಹಾಗಾಗಿ ಊರಿನವರಿಗೆ ಮೊದಲು ಹೇಳಬೇಕಾದ ಮಾತು, ತಡ ಮಾಡಬೇಡಿ ಅಂತ. ಡಿಸೆಂಬರ್ 24 ಗ್ರಾಹಕರ ದಿನ. ಅವತ್ತು ಸಭೆ ಮಾಡುವುದಾದರೆ ಒಂದೇ ವಿಷಯ ಇಟ್ಟುಕೊಳ್ಳಿ: ಮಂಗಳೂರಿನಲ್ಲಿ ಫ್ರಿಜ್ ಕೊಂಡಿದ್ದರೂ 2019ರ ಕಾಯ್ದೆ ಪ್ರಕಾರ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು, ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಗಡಿಯ ಜನರಿಗೆ ಇದು ದೊಡ್ಡ ಸಮಾಧಾನ.

ಕುಟುಂಬ ವಿಭಾಗದ್ದೂ ಗಡಿಯ ಸಮಸ್ಯೆಯೇ. ನಮ್ಮ ಹೆಣ್ಣುಮಕ್ಕಳು ಪುತ್ತೂರು, ಸುಳ್ಯ, ಬಂಟ್ವಾಳಕ್ಕೆ ಮದುವೆಯಾಗಿ ಹೋಗುತ್ತಾರೆ, ಸಂಸಾರ ಮುರಿದರೆ ತವರಿಗೆ ಬರುತ್ತಾರೆ. ಹೆಂಡತಿ ತಾನು ವಾಸಿಸುವ ಕಡೆಯೇ ಜೀವನಾಂಶದ ಅರ್ಜಿ ಹಾಕಬಹುದು ಅಂತ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಮಹಿಳಾ ದಿನವಾದ ಮಾರ್ಚ್ 8ರ ಸುತ್ತಮುತ್ತ ಅಂಗನವಾಡಿಗಳಿಗೆ, ಕುಟುಂಬಶ್ರೀ ಅನ್ನುವ ಹೆಂಗಸರ ಸ್ವಸಹಾಯ ಕೂಟಗಳಿಗೆ ಹೋಗಿ ಕನ್ನಡದಲ್ಲಿ, ತುಳುವಿನಲ್ಲಿ ಹೇಳಿ. ಮಹಿಳಾ ವಕೀಲರೇ ಹೋದರೆ ಹೆಂಗಸರು ಬಾಯಿ ಬಿಟ್ಟು ಕೇಳುತ್ತಾರೆ.

ನವೆಂಬರ್‌ನಲ್ಲಿ ನಾಲ್ಕೂ ವಿಭಾಗ ಒಟ್ಟಿಗೆ ಹೊರಡಬೇಕು. ನವೆಂಬರ್ 9 ಕಾನೂನು ಸೇವೆಗಳ ದಿನ, 26 ಸಂವಿಧಾನ ದಿನ, ಡಿಸೆಂಬರ್ 3 ವಕೀಲರ ದಿನ. ಮೂರಕ್ಕೂ ಮೂರು ವೇದಿಕೆ ಕಟ್ಟುವ ಬದಲು ತಾಲೂಕು ಕಾನೂನು ಸೇವಾ ಸಮಿತಿಯ ಜತೆ ಸೇರಿ ಒಂದು ಪಂಚಾಯತ್‌ನಲ್ಲಿ ಇಡೀ ದಿನದ ಶಿಬಿರ ಮಾಡಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಕೊರಗ ಬುಡಕಟ್ಟಿನವರ ಕಾಲೊನಿಗಳಿಗೆ ಈ ಮಾತು ಮುಟ್ಟಲೇಬೇಕು. ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದವರಿರುವ ಊರಾದರೆ ಅವರ ಕಾಗದಪತ್ರ ನೋಡಲು ಬೇರೆ ಮೇಜು ಹಾಕಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಲಾ 5 ಲಕ್ಷ ಕೊಡಿ ಅಂದಿತ್ತು. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅಂತ ಕೇಳಿ ಬರೆದುಕೊಳ್ಳಿ. ಹೊಸದುರ್ಗದ ಮುನ್ಸಿಫ್ ಕೋರ್ಟಿನಲ್ಲೇ 2000ದಲ್ಲಿ ಆ ವಿಷದ ಸಿಂಪಡಣೆಗೆ ತಡೆ ಸಿಕ್ಕಿತ್ತು, ಲೀಲಾಕುಮಾರಿ ಅಮ್ಮ ಹಾಕಿದ ದಾವೆಯಲ್ಲಿ. ಕೆಳಗಿನ ಕೋರ್ಟಿನಲ್ಲಿ ಏನಾಗುತ್ತದೆ ಅನ್ನುವ ಜೂನಿಯರ್‌ಗಳಿಗೆ ನಾನು ಇದನ್ನೇ ಹೇಳುವುದು.

ಶಿಬಿರದಲ್ಲಿ ವಿಸಿಟಿಂಗ್ ಕಾರ್ಡ್ ಹಂಚಬೇಡಿ. ವಕೀಲರು ಜಾಹೀರಾತು ಮಾಡುವ ಹಾಗಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮವಿದೆ. ಅರ್ಜಿ ಬಂದರೆ ಕಾನೂನು ಸೇವಾ ಸಮಿತಿಗೇ ಕೊಡಿ. ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆದುಕೊಡುತ್ತೇನೆ ಅನ್ನುವವರನ್ನು ತಡೆಯಬೇಡಿ, ಸಂವಿಧಾನದ 350ನೇ ವಿಧಿ ಅವರ ಕಡೆ ಇದೆ.

ಖರ್ಚು ದೊಡ್ಡದಲ್ಲ. ಚಹಾ, ಜೆರಾಕ್ಸ್, ಹೊರಗಿನಿಂದ ಬಂದವರ ಪ್ರಯಾಣ, ಪದಪಟ್ಟಿಯ ಪ್ರಿಂಟ್, ಇಷ್ಟೇ. ಪ್ರತಿ ಸದಸ್ಯರಿಂದ ವರ್ಷಕ್ಕೆ ಸಣ್ಣ ಮೊತ್ತ ತೆಗೆದುಕೊಂಡು ವಿಭಾಗಕ್ಕೆ ಬೇರೆ ಪುಸ್ತಕ ಇಡಿ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ, ಬೇಸಿಗೆ ರಜೆಗೆ ಮೊದಲು ಹೊಸ ಸಂಚಾಲಕರನ್ನು ಕರೆದು ಫೈಲು, ಪದಪಟ್ಟಿಯ ಸಾಫ್ಟ್ ಕಾಪಿ, ಮಂಗಳೂರಿನವರ ಫೋನ್ ನಂಬ್ರ ಎಲ್ಲ ಕೈಗೆ ಕೊಡಿ. ಅರ್ಧಕ್ಕೆ ನಿಂತ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು ಮೊದಲ ಪುಟಕ್ಕೆ ಪಿನ್ ಮಾಡಿ.