ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿ: ಆಸ್ಪತ್ರೆಗಿಂತ ಮೊದಲು ಕ್ಲಿನಿಕ್ ನೋಡಿ

ನಮ್ಮಲ್ಲಿ ಎಂಬಿಬಿಎಸ್ ಮುಗಿಸಿ, ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಬರೆದು, ಅಲ್ಲಿ ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿಗೆ, ಅಂದರೆ ಇಡೀ ಕುಟುಂಬವನ್ನು ನೋಡುವ ವೈದ್ಯರಾಗುವ ತರಬೇತಿಗೆ, ಅರ್ಜಿ ಹಾಕುವ ಹುಡುಗ ಹುಡುಗಿಯರು ಪ್ರತಿ ವರ್ಷ ನನಗೆ ಫೋನ್ ಮಾಡುತ್ತಾರೆ. ಆಸ್ಪತ್ರೆಗೆ ಎಷ್ಟು ಹಾಸಿಗೆ, ಊರು ಹೇಗಿದೆ, ವೀಸಾ ಕೊಡ್ತಾರಾ ಅಂತ ಕೇಳುತ್ತಾರೆ. ಕ್ಲಿನಿಕ್ ಹೇಗಿದೆ ಅಂತ ಕೇಳುವವರು ತೀರಾ ಕಡಿಮೆ. ಮೂರು ವರ್ಷದ ಈ ತರಬೇತಿಯ ಜೀವ ಇರುವುದೇ ಅಲ್ಲಿ.

ಅಮೆರಿಕದಲ್ಲಿ ಫ್ಯಾಮಿಲಿ ಮೆಡಿಸಿನ್‌ಗೆ ಸ್ಪೆಷಾಲಿಟಿಯ ಮಾನ್ಯತೆ ಸಿಕ್ಕಿದ್ದು 1969ರಲ್ಲಿ. ಇದರಲ್ಲಿ ಪ್ರತಿ ರೆಸಿಡೆಂಟ್‌ಗೂ, ಅಂದರೆ ತರಬೇತಿಯಲ್ಲಿರುವ ವೈದ್ಯರಿಗೂ, ತನ್ನದೇ ರೋಗಿಗಳ ಪಟ್ಟಿ ಇರುತ್ತದೆ. ಅದಕ್ಕೆ ಪ್ಯಾನೆಲ್ ಅನ್ನುತ್ತಾರೆ. ಮೊದಲ ವರ್ಷ ನೀವು ನೋಡಿದ ಗರ್ಭಿಣಿಯ ಮಗುವಿಗೆ ಎರಡನೇ ವರ್ಷ ನೀವೇ ಲಸಿಕೆ ಬರೆದುಕೊಡುತ್ತೀರಿ. ಅದೇ ಮನೆಯ ಅಜ್ಜನ ಸಕ್ಕರೆ ಕಾಯಿಲೆಯೂ ನಿಮ್ಮದೇ ಜವಾಬ್ದಾರಿ. ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಎಸಿಜಿಎಂಇ, ಮೂರು ವರ್ಷದಲ್ಲಿ ಕ್ಲಿನಿಕ್‌ನಲ್ಲಿ 1,650 ಭೇಟಿಗಳಾಗಬೇಕು ಅಂತ ಮೊದಲು ಹೇಳುತ್ತಿತ್ತು. 2023ರಿಂದ ಆ ಲೆಕ್ಕ ಬಿಟ್ಟು 1,000 ಗಂಟೆ ಅಂತ ಮಾಡಿದೆ. ವರ್ಷಕ್ಕೆ ಕನಿಷ್ಠ 40 ವಾರ ನೀವು ಕ್ಲಿನಿಕ್‌ನಲ್ಲಿ ರೋಗಿಗಳನ್ನು ನೋಡಲೇಬೇಕು.

ಗಂಟೆ ತುಂಬಿಸುವುದು ಸುಲಭ. ಆ ಗಂಟೆಗಳಲ್ಲಿ ಬರುವವರು ನಿಮ್ಮ ರೋಗಿಗಳೇನಾ ಅನ್ನುವುದನ್ನೇ ಮೊದಲು ವಿಚಾರಿಸಿ.

ನಾನು ಕಲಿತ ಕ್ಲಿನಿಕ್‌ಗೆ ಒಬ್ಬ ಅಜ್ಜಿ ಬಂದಿದ್ದರು. ಕೈಯಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಅದರ ತುಂಬ ಮಾತ್ರೆ ಬಾಟಲಿಗಳು. ಎಲ್ಲವನ್ನೂ ಮೇಜಿನ ಮೇಲೆ ಸುರಿದರು. ಅದರಲ್ಲಿ ಬಿಪಿ ಮಾತ್ರೆ ಲಿಸಿನೊಪ್ರಿಲ್ ಎರಡು ಬಾಟಲಿ, ಒಂದು 10 ಮಿಲಿಗ್ರಾಂ, ಇನ್ನೊಂದು 20. ಲೇಬಲ್ ಮೇಲೆ ಬೇರೆ ಬೇರೆ ರೆಸಿಡೆಂಟ್‌ಗಳ ಹೆಸರು. ಎರಡನೆಯವರು ಡೋಸ್ ಹೆಚ್ಚಿಸಿ ಹೊಸದು ಬರೆದಿದ್ದರು, ಹಳೆಯದನ್ನು ಬಿಡಿ ಅಂತ ಯಾರೂ ಹೇಳಿರಲಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಎರಡನ್ನೂ ನುಂಗುತ್ತಿದ್ದರು. ಕುರ್ಚಿಯಿಂದ ಏಳುವಾಗ ತಲೆ ಸುತ್ತಿ ಮೇಜಿನ ಅಂಚು ಹಿಡಿದುಕೊಂಡರು. ಎಂಟು ತಿಂಗಳಲ್ಲಿ ನಾನು ಅವರಿಗೆ ನಾಲ್ಕನೇ ಡಾಕ್ಟರು. ಆ ರೆಸಿಡೆಂಟ್‌ಗಳಲ್ಲಿ ದಡ್ಡರು ಯಾರೂ ಇರಲಿಲ್ಲ. ಅಪಾಯಿಂಟ್‌ಮೆಂಟ್ ಕೊಡುವ ಪದ್ಧತಿಯೇ ಹಾಗಿತ್ತು, ಯಾರು ಖಾಲಿ ಇದ್ದಾರೋ ಅವರ ಹತ್ತಿರ ಕಳಿಸು ಅಂತ.

ಏನೇನು ಕೇಳಬೇಕು?

ಸಂದರ್ಶನದಲ್ಲಿ ಅಲ್ಲಿಯ ರೆಸಿಡೆಂಟ್ ಒಬ್ಬರನ್ನು ಮೊದಲು ಹೀಗೆ ಕೇಳಿ: ‘ನಿಮ್ಮ ಪ್ಯಾನೆಲ್‌ನ ರೋಗಿ ಕ್ಲಿನಿಕ್‌ಗೆ ಬಂದಾಗ, ನೂರರಲ್ಲಿ ಎಷ್ಟು ಸಲ ನಿಮ್ಮನ್ನೇ ನೋಡುತ್ತಾರೆ?’ ಸಂಖ್ಯೆ ಹೇಳಿದರೆ ಅವರು ಅದನ್ನು ಅಳೆಯುತ್ತಿದ್ದಾರೆ ಅಂತ ಅರ್ಥ. ‘ತುಂಬಾ ಚೆನ್ನಾಗಿದೆ’ ಅಂತಷ್ಟೇ ಬಂದರೆ ಇನ್ನೊಬ್ಬ ರೆಸಿಡೆಂಟ್‌ನ ಬೇರೆಯಾಗಿ ಕೇಳಿ.

ಆಮೇಲೆ ವೇಳಾಪಟ್ಟಿ. ಕೆಲವು ಕಡೆ ನಾಲ್ಕು ವಾರ ಆಸ್ಪತ್ರೆ, ಒಂದು ವಾರ ಪೂರ್ತಿ ಕ್ಲಿನಿಕ್. ಇದನ್ನು 4+1 ಅನ್ನುತ್ತಾರೆ. ಕೆಲವು ಕಡೆ 2+2. ಇನ್ನು ಕೆಲವು ಕಡೆ ಹಳೆಯ ಕ್ರಮ, ವಾರ್ಡ್ ಕೆಲಸದ ಮಧ್ಯೆ ವಾರಕ್ಕೊಂದೆರಡು ಮಧ್ಯಾಹ್ನ ಕ್ಲಿನಿಕ್‌ಗೆ ಓಡುವುದು. ನನಗೆ ಮೊದಲ ಎರಡು ಇಷ್ಟ, ತಲೆ ಒಂದೇ ಕಡೆ ಇರುತ್ತದೆ. ಆದರೆ ಕ್ರಮ ಯಾವುದೇ ಇರಲಿ, ವಾರ್ಡ್‌ನಲ್ಲಿ ಯಾರೋ ರಜೆ ಹಾಕಿದಾಗ ಮೊದಲು ರದ್ದಾಗುವುದು ಕ್ಲಿನಿಕ್ಕಾ ಅಂತ ತಿಳಿದುಕೊಳ್ಳಿ. ಹೌದು ಅಂದರೆ ಆ ಪ್ರೋಗ್ರಾಂಗೆ ಕ್ಲಿನಿಕ್ ಎಷ್ಟು ಮುಖ್ಯ ಅಂತ ಗೊತ್ತಾಯಿತಲ್ವಾ?

ಯಾರೂ ಕೇಳದ ಪ್ರಶ್ನೆಯೊಂದಿದೆ: ಹೊರಡುವವರ ರೋಗಿಗಳನ್ನು ಹೊಸಬರಿಗೆ ಹೇಗೆ ಒಪ್ಪಿಸುತ್ತಾರೆ? ಜುಲೈ 1ಕ್ಕೆ ರೆಸಿಡೆನ್ಸಿಯ ಹೊಸ ವರ್ಷ ಶುರು. ಮೂರನೇ ವರ್ಷದವರು ಹೊರಡುತ್ತಾರೆ, ಅವರ ನೂರಾರು ರೋಗಿಗಳು ಹೊಸಬರಿಗೆ ಬರುತ್ತಾರೆ. ಒಳ್ಳೆಯ ಕಡೆ ತಿಂಗಳುಗಳ ಮೊದಲೇ ಪಟ್ಟಿ ಹಂಚುತ್ತಾರೆ, ಕಷ್ಟದ ರೋಗಿಗಳ ಬಗ್ಗೆ ಎದುರೆದುರು ಕೂತು ಹೇಳುತ್ತಾರೆ, ರೋಗಿಗಳಿಗೂ ಮುಂದಿನ ಡಾಕ್ಟರ ಹೆಸರು ತಿಳಿಸುತ್ತಾರೆ. ಇಲ್ಲದಿದ್ದರೆ ಕಂಪ್ಯೂಟರ್‌ನಲ್ಲಿ ಹೆಸರು ಬದಲಾಗುತ್ತದೆ, ಅಷ್ಟೇ. ನಿದ್ದೆ ಮಾತ್ರೆಗೋ ನೋವಿನ ಮಾತ್ರೆಗೋ ವರ್ಷಗಟ್ಟಲೆ ಒಗ್ಗಿಹೋದ ರೋಗಿ, ಏನೂ ಗೊತ್ತಿಲ್ಲದ ಮೊದಲ ವರ್ಷದ ರೆಸಿಡೆಂಟ್ ಮುಂದೆ ಬಂದು ಕೂರುತ್ತಾರೆ. ಇಬ್ಬರಿಗೂ ಕಷ್ಟ.

ಮೇಲ್ವಿಚಾರಣೆ ಮಾಡುವ ಹಿರಿಯ ವೈದ್ಯರಿಗೆ ಪ್ರಿಸೆಪ್ಟರ್ ಅನ್ನುತ್ತಾರೆ. ಒಬ್ಬರಿಗೆ ನಾಲ್ಕು ರೆಸಿಡೆಂಟ್‌ಗಳಿಗಿಂತ ಜಾಸ್ತಿ ಇರಬಾರದು. ಮೊದಲ ಆರು ತಿಂಗಳು ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ, ಇರುವ ನಿಮ್ಮ ರೋಗಿಗಳನ್ನು ಅವರೂ ಬಂದು ನೋಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಅವರು ತಮ್ಮ ಸ್ವಂತ ರೋಗಿಗಳನ್ನೂ ನೋಡುತ್ತಿರುತ್ತಾರಾ? ಹಾಗಿದ್ದರೆ ನೀವು ಬಾಗಿಲ ಹತ್ತಿರ ಕಾಯುತ್ತೀರಿ, ನಿಮ್ಮ ರೋಗಿ ಒಳಗೆ ಕಾಯುತ್ತಾರೆ.

ಇನ್‌ಬಾಕ್ಸ್ ಬಗ್ಗೆಯೂ ಕೇಳಿ. ಲ್ಯಾಬ್ ರಿಪೋರ್ಟ್, ಮಾತ್ರೆ ಮುಗಿದಿದೆ ಅನ್ನುವ ಮೆಸೇಜ್, ವಿಮೆಯ ಫಾರಂ, ಎಲ್ಲ ಅಲ್ಲಿಗೇ ಬರುತ್ತವೆ. ನೀವು ನೈಟ್ ಡ್ಯೂಟಿಯಲ್ಲಿದ್ದಾಗ ಅದನ್ನು ಯಾರು ನೋಡುತ್ತಾರೆ? ಪ್ರತಿ ಸಲ ಅದೇ ಮೆಡಿಕಲ್ ಅಸಿಸ್ಟೆಂಟ್ ನಿಮ್ಮ ಜೊತೆ ಇರುತ್ತಾರಾ? ಕೌನ್ಸೆಲರ್, ಫಾರ್ಮಸಿಸ್ಟ್ ಅದೇ ಕಟ್ಟಡದಲ್ಲಿದ್ದರೆ ಅರ್ಧ ಭಾರ ಇಳಿದ ಹಾಗೆ. ಕೀಲಿಗೆ ಇಂಜೆಕ್ಷನ್, ಚರ್ಮದ ಬಯಾಪ್ಸಿ, ಕಾಪರ್-ಟಿ ಹಾಕುವುದು, ಇವೆಲ್ಲ ಕ್ಲಿನಿಕ್‌ನಲ್ಲೇ ಆಗುತ್ತವಾ ಅಂತಲೂ ವಿಚಾರಿಸಿ.

ರೋಗಿಗಳು ಯಾರು ಅನ್ನುವುದೂ ನೋಡಬೇಕು. ಹಲವು ಪ್ರೋಗ್ರಾಂಗಳು ಸರ್ಕಾರದ ನೆರವಿನ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿವೆ. ಅಲ್ಲಿ ಆದಾಯ ನೋಡಿ ಫೀಸು, ದುಡ್ಡಿಲ್ಲ ಅಂತ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಕೆಲಸ ಜಾಸ್ತಿ, ನಿಜ. ಆದರೆ ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಕಲಿತು ಬಂದವರಿಗೆ ಅಲ್ಲಿಯ ಕಷ್ಟಗಳು ಹೊಸದಲ್ಲ. ನಾನು ಮತ್ತೊಮ್ಮೆ ಆರಿಸುವುದಾದರೆ ಅಂಥ ಕಡೆಗೇ ಹೋಗುತ್ತೇನೆ.

ವೀಸಾ ಬಗ್ಗೆ ಚಿಕ್ಕದಾಗಿ: ತರಬೇತಿಗೆಂದು ಕೊಡುವ ಜೆ-1 ವೀಸಾದಲ್ಲಿ ಬಂದವರು ತರಬೇತಿ ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ಮರಳಬೇಕು, ಇಲ್ಲವೇ ವಿನಾಯಿತಿ ಪಡೆಯಬೇಕು. ಹೆಚ್ಚಿನವರು ಹಿಡಿಯುವ ದಾರಿ ಕಾನ್ರಾಡ್ 30 ಅನ್ನುವ ವಿನಾಯಿತಿ ಯೋಜನೆ. ಅದರಲ್ಲಿ ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಬೇಕು. ಕೆಲಸದ ವೀಸಾ ಎಚ್-1ಬಿ ಬೇಕಿದ್ದರೆ ಯುಎಸ್‌ಎಂಎಲ್‌ಇಯ ಕೊನೆಯ ಪರೀಕ್ಷೆ ಸ್ಟೆಪ್ 3 ಮೊದಲೇ ಪಾಸಾಗಿರಬೇಕು.

ಕಣ್ಣಾರೆ ನೋಡಿ

ಸಂದರ್ಶನಗಳು ಈಗ ಹೆಚ್ಚಾಗಿ ವಿಡಿಯೊದಲ್ಲೇ ನಡೆಯುತ್ತವೆ. ಆದ್ದರಿಂದ ಸಾಧ್ಯವಾದರೆ ಇಷ್ಟವಾದ ಒಂದೆರಡು ಕಡೆ ಆಮೇಲೆ ಹೋಗಿ ನೋಡಬಹುದಾ ಅಂತ ಕೇಳಿ. ಹೋದರೆ ಕಾಯುವ ಕೋಣೆಯಲ್ಲಿ ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಇಂಗ್ಲಿಷ್ ಬಾರದವರು ಬಂದಾಗ ದುಭಾಷಿಯನ್ನು ಕರೆಯುತ್ತಾರಾ, ಅಥವಾ ಜೊತೆಗೆ ಬಂದ ಹತ್ತು ವರ್ಷದ ಮಗುವಿನ ಕೈಲೇ ಹೇಳಿಸುತ್ತಾರಾ, ಗಮನಿಸಿ. ರೋಗಿಗಳು ‘ನನ್ನ ಡಾಕ್ಟರು ಇವತ್ತು ಇದ್ದಾರಾ’ ಅಂತ ಹೆಸರು ಹಿಡಿದು ಕೇಳುತ್ತಾರಾ?

ಹೋಗಲು ಆಗದಿದ್ದರೆ ಎರಡನೇ ವರ್ಷದ ರೆಸಿಡೆಂಟ್ ಒಬ್ಬರಿಗೆ ಹದಿನೈದು ನಿಮಿಷ ಫೋನ್ ಮಾಡಿ. ಒಬ್ಬ ರೋಗಿಯ ಬಗ್ಗೆ, ಹೆಸರು ಬೇಡ, ಮೊದಲ ದಿನದಿಂದ ಇವತ್ತಿನವರೆಗೆ ಹೇಳಿ ಅನ್ನಿ. ಹೇಳಿದ್ದನ್ನು ಅವತ್ತು ರಾತ್ರಿಯೇ ಬರೆದಿಡಿ. ಫೆಬ್ರವರಿ ಕೊನೆಯಲ್ಲಿ, ಪ್ರೋಗ್ರಾಂಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುವ ರ‍್ಯಾಂಕ್ ಪಟ್ಟಿ ಜೋಡಿಸಲು ಕೂತಾಗ ಹತ್ತಾರು ಪ್ರೋಗ್ರಾಂಗಳು ತಲೆಯಲ್ಲಿ ಕಲಸಿಹೋಗಿರುತ್ತವೆ. ಆಗ ಮೊದಲು ಆ ಪುಟಗಳನ್ನು ತೆರೆಯಿರಿ.